೧೯೮೩ರ ಚುನಾವಣೆ: ಹೊಳಲು ಸೀಮೆಯಿಂದ ಒಂದು ಸಿಂಹಾವಲೋಕನ

ಮಂಡ್ಯ ಪಟ್ಟಣದ ನೆರೆಯಲ್ಲಿರುವ ಹೊಳಲು ಗ್ರಾಮದ ಹೆಸರು ಭಾಷಾಭ್ಯಾಸಿಗಳಲ್ಲಿ ಕುತೂಹಲ ಹುಟ್ಟಿಸತಕ್ಕದ್ದು. ಹಳಗನ್ನಡದ ‘ಪೊೞಲ್’ ಶಬ್ದಕ್ಕೆ ಪಟ್ಟಣ, ಪುರ ಎಂದು ಅರ್ಥ. ಪಕಾರವು ಹಕಾರವಾಗಿ, ೞಕಾರವು ಳಕಾರವಾಗಿ, ಕೊನೆಗೆ ಉಕಾರ ಸೇರಿ ‘ಹೊಳಲು’ ಎಂಬ ಇಂದಿನ ರೂಪ ನಿಂತಿದೆ. ಹಡಗಲಿಯ ಸೀಮೆಯಲ್ಲಿಯೂ ಇದೇ ಹೆಸರಿನ ಊರೊಂದುಂಟು. ಒಂದಾನೊಂದು ಕಾಲದಲ್ಲಿ ಪಟ್ಟಣವೆನಿಸಿದ್ದು ಇಂದು ಕಂದಾಯದ ದಫ್ತರಿನಲ್ಲಿ ಗ್ರಾಮವಾಗಿ ಉಳಿದಿದೆ. ಆಳುವ ಅಧಿಕಾರವೆಲ್ಲ ದೂರದ ರಾಜಧಾನಿಗೆ ಹೋಗಿ ಸೇರಿದೆ. ಹೀಗೆ ಹೋದ ಅಧಿಕಾರವು ಐದು ವರ್ಷಗಳಿಗೊಮ್ಮೆ ಒಂದು ದಿನದ ಮಟ್ಟಿಗೆ ಊರಿಗೆ ಹಿಂದಿರುಗುತ್ತದೆ. ಆ ಒಂದು ದಿನದಲ್ಲಿ ಊರಿನ ಜನ ಏನು ಮಾಡಬಲ್ಲರು, ಮಾಡಿದ್ದು ಎಷ್ಟು ಕಾಲ ನಿಲ್ಲಬಲ್ಲದು ಎಂಬ ಪ್ರಶ್ನೆಗೆ ಕರ್ನಾಟಕದ ಇತಿಹಾಸದಲ್ಲಿ ಉತ್ತರ ಹುಡುಕುವವರು ೧೯೮೩ರ ವಿಧಾನಸಭಾ ಚುನಾವಣೆಯ ಬಳಿಗೆ ಬರಲೇಬೇಕು. ರಾಜ್ಯದಲ್ಲಿ ಒಂದು ಪಕ್ಷದ ಆಳ್ವಿಕೆ ಮುಗಿದು ಮತ್ತೊಂದು ಪಕ್ಷದ ಆಳ್ವಿಕೆ ಮತದಾನದ ಮೂಲಕವೇ ಪ್ರಾರಂಭವಾದದ್ದು ಅಂದೇ ಮೊದಲು.

ಈ ಘಟನೆಯನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ಬಳಕೆಯಲ್ಲಿವೆ. ಅದೊಂದು ಮಹಾಕ್ರಾಂತಿ ಎಂಬುದು ಮೊದಲನೆಯದು. ಅದು ಒಬ್ಬ ಮುಖ್ಯಮಂತ್ರಿಯ ಮೇಲಿನ ತಾತ್ಕಾಲಿಕ ಕೋಪ ಮಾತ್ರ ಎಂಬುದು ಎರಡನೆಯದು. ಎರಡೂ ಪೂರ್ಣ ಸತ್ಯವಲ್ಲವೆಂದು ಈ ಲೇಖಕನ ತಿಳಿವಳಿಕೆ. ಘಟನೆಗಳನ್ನು ಅನುಕ್ರಮವಾಗಿ ಪರಿಶೀಲಿಸಿದಲ್ಲಿ ಇದಕ್ಕೆ ಕಾರಣ ಸ್ಪಷ್ಟವಾಗುವುದು.

೧. ಹಿನ್ನೆಲೆ: ಪ್ರತಿನಿಧಿ ಸಭೆಯಿಂದ ಜವಾಬ್ದಾರಿ ಸರ್ಕಾರದವರೆಗೆ

ಮೈಸೂರು ಸಂಸ್ಥಾನದಲ್ಲಿ ಪ್ರಜೆಗಳ ಪ್ರತಿನಿಧಿಗಳು ಒಂದೆಡೆ ಸೇರಿ ಅಹವಾಲು ಹೇಳಿಕೊಳ್ಳುವ ಪದ್ಧತಿ ಹಳೆಯದು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ೧೮೮೧ರಲ್ಲಿ, ಪ್ರಜಾಪ್ರತಿನಿಧಿ ಸಭೆಯು ೧೪೪ ಸದಸ್ಯರೊಡನೆ ಪ್ರಾರಂಭವಾಯಿತು. ಆ ಸಭೆಗೆ ಕೇಳುವ ಹಕ್ಕು ಇತ್ತು, ಕೆಳಗಿಳಿಸುವ ಹಕ್ಕು ಇರಲಿಲ್ಲ. ದಿವಾನರು ಉತ್ತರ ಕೊಡುತ್ತಿದ್ದರು. ಉತ್ತರ ಒಪ್ಪಿಗೆಯಾಗದಿದ್ದರೆ ದಿವಾನರನ್ನು ಬದಲಿಸುವ ಮಾರ್ಗ ಪ್ರತಿನಿಧಿಗಳಿಗೆ ಇರಲಿಲ್ಲ. ಜವಾಬ್ದಾರಿ ಸರ್ಕಾರ ಎಂಬ ಬೇಡಿಕೆಯ ತಿರುಳು ಇದೇ ಆಗಿತ್ತು: ಆಳುವವರು ಆಳಿಸಿಕೊಳ್ಳುವವರಿಗೆ ಉತ್ತರ ಹೇಳಬೇಕು, ಹೇಳದಿದ್ದರೆ ಸ್ಥಾನ ಬಿಡಬೇಕು.

ಈ ಬೇಡಿಕೆಯ ಚರಿತ್ರೆಯಲ್ಲಿ ಮಂಡ್ಯ ಸೀಮೆಗೆ ಗೌರವದ ಸ್ಥಾನವಿದೆ. ೧೯೩೮ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿದಾಗ, ನಿಷೇಧವನ್ನು ಲೆಕ್ಕಿಸದೆ ರಾಷ್ಟ್ರಧ್ವಜವನ್ನು ಹಾರಿಸಲಾಯಿತು. ಶಿವಪುರದ ಧ್ವಜ ಸತ್ಯಾಗ್ರಹವೆಂದು ಹೆಸರಾದ ಈ ಘಟನೆಯ ನೆನಪಿಗೆ ಅಲ್ಲಿ ಸತ್ಯಾಗ್ರಹ ಸೌಧವಿದೆ. ಮರುವರ್ಷ, ಎಂದರೆ ೧೯೩೯ರಲ್ಲಿ, ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ೧೯೪೭ರ ಅಕ್ಟೋಬರ್ ತಿಂಗಳಲ್ಲಿ, ‘ಮೈಸೂರು ಚಲೋ’ ಚಳವಳಿಯ ಫಲವಾಗಿ, ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ಸ್ಥಾಪನೆಗೊಂಡಿತು.

ರಾಜಕೀಯ ಪ್ರಜ್ಞೆಗೆ ಆರ್ಥಿಕ ಬೇರುಗಳೂ ಇದ್ದುವು. ೧೯೧೧ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದಿಂದ ಹೊರಟ ಇರ್ವಿನ್ ನಾಲೆ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ರಾಗಿ ಬೆಳೆಯುತ್ತಿದ್ದ ಹೊಲಗಳನ್ನು ಬತ್ತದ ಗದ್ದೆಗಳನ್ನಾಗಿಯೂ ಕಬ್ಬಿನ ತೋಟಗಳನ್ನಾಗಿಯೂ ಮಾರ್ಪಡಿಸಿತು. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ನೆಲೆಗೊಂಡಿತು. ಅಲ್ಲಿಂದ ಮುಂದೆ ನಾಲೆಗೆ ನೀರು ಬಿಡುವ ದಿನ, ಟನ್ನು ಕಬ್ಬಿಗೆ ಕೊಡುವ ಬೆಲೆ, ನೀರಾವರಿಗೆ ವಿಧಿಸುವ ಕಂದಾಯ ಇವೆಲ್ಲವೂ ಸರ್ಕಾರದ ತೀರ್ಮಾನಗಳಾದುವು. ಮಳೆಯನ್ನು ನೋಡಿ ಬದುಕುವ ರೈತನಿಗೆ ಸರ್ಕಾರ ದೂರದ್ದು. ನಾಲೆಯನ್ನು ನೋಡಿ ಬದುಕುವ ರೈತನಿಗೆ ಸರ್ಕಾರ ಹೊಲದ ಬದುವಿನವರೆಗೂ ಬಂದಿರುತ್ತದೆ. ಆದಕಾರಣ ಯಾರು ಆಳುತ್ತಾರೆ ಎಂಬ ಪ್ರಶ್ನೆ ಈ ಸೀಮೆಯಲ್ಲಿ ಹರಟೆಯ ವಿಷಯವಾಗಿ ಉಳಿಯದೆ ಜೀವನದ ವಿಷಯವಾಯಿತು.

೨. ಏಕಪಕ್ಷದ ಆಳ್ವಿಕೆ ಮತ್ತು ಒಳಗಿನ ಬದಲಾವಣೆಗಳು

೧೯೪೭ರಿಂದ ೧೯೮೩ರವರೆಗಿನ ಮೂವತ್ತೈದು ವರ್ಷಗಳಲ್ಲಿ ಮುಖ್ಯಮಂತ್ರಿಗಳು ಅನೇಕ ಸಲ ಬದಲಾದರು. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ, ಡಿ. ದೇವರಾಜ ಅರಸು, ಆರ್. ಗುಂಡೂರಾವ್ ಇವರೆಲ್ಲರೂ ಕಾಂಗ್ರೆಸ್ಸಿನ ಒಂದಲ್ಲ ಒಂದು ಶಾಖೆಗೆ ಸೇರಿದವರು. ೧೯೫೭ರಲ್ಲಿ ೨೦೮ ಸ್ಥಾನಗಳ ಪೈಕಿ ೧೫೦, ೧೯೬೨ರಲ್ಲಿ ೧೩೮, ೧೯೬೭ರಲ್ಲಿ ೨೧೬ರ ಪೈಕಿ ೧೨೬, ೧೯೭೨ರಲ್ಲಿ ೧೬೫, ೧೯೭೮ರಲ್ಲಿ ೨೨೪ರ ಪೈಕಿ ೧೪೯ ಹೀಗೆ ಆ ಪಕ್ಷದ ಬಹುಮತ ಅಖಂಡವಾಗಿ ಸಾಗಿತ್ತು. ೧೯೫೭ರಲ್ಲಿ ಕೇರಳದಲ್ಲಿಯೂ ೧೯೬೭ರಲ್ಲಿ ಮದ್ರಾಸಿನಲ್ಲಿಯೂ ಬೇರೆ ಪಕ್ಷಗಳು ಅಧಿಕಾರಕ್ಕೆ ಬಂದಾಗ ಕನ್ನಡ ನಾಡು ಅಲುಗಲಿಲ್ಲ. ೧೯೭೭ರಲ್ಲಿ ಉತ್ತರ ಭಾರತವೆಲ್ಲ ಜನತಾ ಪಕ್ಷದ ಕಡೆಗೆ ಹರಿದಾಗಲೂ ಇಲ್ಲಿನ ೨೮ ಲೋಕಸಭಾ ಸ್ಥಾನಗಳಲ್ಲಿ ೨೬ ಕಾಂಗ್ರೆಸ್ಸಿಗೇ ದೊರೆತುವು.

ಹಾಗೆಂದು ಮತದಾರರು ಕಣ್ಣು ಮುಚ್ಚಿ ಮುದ್ರೆ ಒತ್ತುತ್ತಿದ್ದರೆಂದು ಭಾವಿಸುವುದು ಸಲ್ಲದು. ಮಂಡ್ಯ ಜಿಲ್ಲೆಯ ಉದಾಹರಣೆಯೊಂದೇ ಸಾಕು. ೧೯೬೨ರಲ್ಲಿ ಮದ್ದೂರು ಕ್ಷೇತ್ರದಲ್ಲಿ ಸೋಮನಹಳ್ಳಿಯ ಯುವಕ ಎಸ್.ಎಂ. ಕೃಷ್ಣ ಅವರು ಪಕ್ಷೇತರರಾಗಿ ನಿಂತು, ಜಿಲ್ಲೆಯ ಹಿರಿಯ ಮುಖಂಡರಾದ ಕಾಂಗ್ರೆಸ್ಸಿನ ಕೆ.ವಿ. ಶಂಕರಗೌಡರನ್ನು ಸೋಲಿಸಿದರು. ಪ್ರಧಾನಿ ನೆಹರೂ ಅವರೇ ಶಂಕರಗೌಡರ ಪರವಾಗಿ ಪ್ರಚಾರಕ್ಕೆ ಬಂದಿದ್ದರು. ಅದೇ ವರ್ಷ ಹೊಸದುರ್ಗದಲ್ಲಿ ನಿಜಲಿಂಗಪ್ಪನವರಂಥ ನಾಯಕರೇ ಸೋತರು. ೧೯೬೮ರ ಮಂಡ್ಯ ಲೋಕಸಭಾ ಉಪಚುನಾವಣೆಯಲ್ಲಿ ಪ್ರಜಾ ಸಮಾಜವಾದಿ ಪಕ್ಷದಿಂದ ಕೃಷ್ಣ ಅವರು ಗೆದ್ದರು. ವ್ಯಕ್ತಿಯನ್ನು ಸೋಲಿಸುವ ಧೈರ್ಯ ಹಳ್ಳಿಯ ಮತದಾರರಲ್ಲಿ ಮೊದಲಿನಿಂದಲೂ ಇತ್ತು. ಸರ್ಕಾರವನ್ನು ಸೋಲಿಸುವ ಸಂದರ್ಭ ಮಾತ್ರ ಒದಗಿರಲಿಲ್ಲ.

ಇಲ್ಲಿ ವಾಚಕರು ಒಂದು ವಿಶೇಷವನ್ನು ಗಮನಿಸಬೇಕು. ೧೯೮೩ಕ್ಕೆ ಮುಂಚೆ ಎರಡು ಸಲ ರಾಜ್ಯದಲ್ಲಿ ಸರ್ಕಾರ ಬಿದ್ದದ್ದುಂಟು. ಎರಡು ಸಲವೂ ವಿಧಾನಸಭೆಗೆ ಮತದಾನವಾಗದೆಯೇ ಬಿದ್ದಿತು. ೧೯೭೧ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ಸು ರಾಜ್ಯದ ೨೭ ಸ್ಥಾನಗಳನ್ನೂ ಗೆದ್ದಿತು; ಸಂಸ್ಥಾ ಕಾಂಗ್ರೆಸ್ಸಿಗೆ ಸೇರಿದ ವೀರೇಂದ್ರ ಪಾಟೀಲರ ಸರ್ಕಾರದಿಂದ ಶಾಸಕರು ಜಾರಿದರು; ಸರ್ಕಾರ ಉರುಳಿ ರಾಷ್ಟ್ರಪತಿ ಆಳ್ವಿಕೆ ಬಂದಿತು. ೧೯೭೯ರಲ್ಲಿ ಇಂದಿರಾ ಗಾಂಧಿಯವರಿಂದ ಬೇರೆಯಾದ ದೇವರಾಜ ಅರಸರು ಮುಖ್ಯಮಂತ್ರಿಯಾಗಿ ಮುಂದುವರಿದರಾದರೂ ೧೯೮೦ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ೨೮ರಲ್ಲಿ ೨೭ ಸ್ಥಾನಗಳು ಇಂದಿರಾ ಕಾಂಗ್ರೆಸ್ಸಿಗೆ ಹೋದುವು. ಶಾಸಕರು ಮತ್ತೆ ಪಕ್ಷ ಬದಲಿಸಿದರು. ಜನವರಿ ೧೨ರಂದು ಗುಂಡೂರಾವ್ ಅವರು ಮುಖ್ಯಮಂತ್ರಿಗಳಾದರು. ದೆಹಲಿಗಾಗಿ ಹಾಕಿದ ಮತವು ಬೆಂಗಳೂರಿನ ಸರ್ಕಾರವನ್ನು ಉರುಳಿಸಿತು. ೧೯೭೮ರಲ್ಲಿ ಮತ ಕೇಳುವಾಗ ಜನರ ಮುಂದಿದ್ದ ನಾಯಕರು ಅರಸರು. ೧೯೮೦ರಲ್ಲಿ ಆಳಲು ಕುಳಿತವರು ಬೇರೊಬ್ಬರು. ನಡುವೆ ಜನರನ್ನು ಯಾರೂ ಕೇಳಲಿಲ್ಲ. ಶಾಸಕರ ಪಕ್ಷಾಂತರವನ್ನು ತಡೆಯುವ ಸಂವಿಧಾನದ ತಿದ್ದುಪಡಿ ಬಂದದ್ದು ೧೯೮೫ರಲ್ಲಿ.

೩. ಬದಲಾವಣೆಗೆ ಕಾರಣವಾದ ಸಂಗತಿಗಳು

೧೯೭೭ರಲ್ಲಿಯೂ ಅಲುಗದ ನಾಡು ೧೯೮೩ರಲ್ಲಿ ಏಕೆ ಹೊರಳಿತು? ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು, ಕಾಂಗ್ರೆಸ್ಸಿನ ಆಧಾರ ಸಡಿಲಗೊಂಡದ್ದು. ಅರಸರ ಕಾಲದಲ್ಲಿ, ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರಿಗೆ ಒಡೆತನ ದೊರೆಯಿತು. ಹಾವನೂರು ಆಯೋಗದ ವರದಿಯಿಂದ ಹಿಂದುಳಿದ ವರ್ಗಗಳಿಗೆ ಶಿಕ್ಷಣ ಹಾಗೂ ನೌಕರಿಗಳ ಬಾಗಿಲು ತೆರೆಯಿತು. ಈ ವರ್ಗಗಳ ನಂಬಿಕೆ ಪಕ್ಷದಷ್ಟೇ ಅರಸರ ಮೇಲೆಯೂ ನಿಂತಿತ್ತು. ಅರಸರು ಹೊರಹೋಗಿ ಕ್ರಾಂತಿ ರಂಗವೆಂಬ ಪ್ರಾದೇಶಿಕ ಪಕ್ಷವನ್ನು ಕಟ್ಟಲು ತೊಡಗಿದರು; ೧೯೮೨ರ ಜೂನ್ ೬ರಂದು ಅವರು ನಿಧನರಾದ ಮೇಲೆ ಎಸ್. ಬಂಗಾರಪ್ಪನವರು ಅದರ ಮುಂದಾಳಾದರು. ಹಿಂದುಳಿದವರಲ್ಲಿ ಒಂದು ಭಾಗ ಅವರ ಹಿಂದೆ ನಡೆಯಿತು. ಅರಸರ ಆಳ್ವಿಕೆಯಿಂದಲೇ ದೂರ ಸರಿದಿದ್ದ ಲಿಂಗಾಯತ ಹಾಗೂ ಒಕ್ಕಲಿಗ ಸಮಾಜಗಳಲ್ಲಿ ಬಹಳ ಮಂದಿ ಜನತಾ ಪಕ್ಷದ ಕಡೆಗೆ ಒಲಿದಿದ್ದರು. ಈ ಎರಡು ಪ್ರವಾಹಗಳೂ ೧೯೮೩ರಲ್ಲಿ ಒಂದೇ ಚಿಹ್ನೆಯಡಿ ಕೂಡಿಬಂದುವು.

ಎರಡನೆಯದು, ರೈತರ ಅಸಮಾಧಾನ. ಮಲಪ್ರಭಾ ಯೋಜನೆಯ ಅಚ್ಚುಕಟ್ಟಿನಲ್ಲಿ ನೀರು ಸರಿಯಾಗಿ ಬಾರದಿದ್ದರೂ ಅಭಿವೃದ್ಧಿ ಕರ ಮಾತ್ರ ಬಂದಾಗ ರೈತರು ಪ್ರತಿಭಟಿಸಿದರು. ೧೯೮೦ರ ಜುಲೈ ೨೧ರಂದು ನರಗುಂದ, ನವಲಗುಂದಗಳಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಗುಂಡಿನ ಶಬ್ದ ಕಾವೇರಿ ಬಯಲಿಗೂ ಕೇಳಿಸಿತೆಂದರೆ ಅತಿಶಯೋಕ್ತಿಯಲ್ಲ. ಏಕೆಂದರೆ ನೀರಿನ ಕರದ ಲೆಕ್ಕಾಚಾರ ನಾಲಾ ಪ್ರದೇಶದ ರೈತನಿಗೆ ವಿವರಿಸಿ ಹೇಳಬೇಕಾದ ವಿಷಯವಲ್ಲ. ಅದೇ ವರ್ಷ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮೊದಲಾದವರ ಮುಂದಾಳುತನದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಮೈತಳೆಯಿತು. ಹಸಿರು ಶಾಲು ಹೊದ್ದ ರೈತ ಕಚೇರಿಯ ಜಗಲಿಯಲ್ಲಿ ಕೈಕಟ್ಟಿ ನಿಲ್ಲುವ ಕಾಲ ಮುಗಿಯಿತೆಂಬ ಭಾವನೆ ಹಳ್ಳಿಗಳಲ್ಲಿ ಹರಡಿತು. ಮುಂದೆ ಈ ಸಂಘಕ್ಕೆ ಮಂಡ್ಯ ಜಿಲ್ಲೆಯೇ ಬಲವಾದ ನೆಲೆಯಾಯಿತು; ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯನವರು ೧೯೯೪ರಲ್ಲಿ ವಿಧಾನಸಭೆಗೆ ಹೋದರು.

ಮೂರನೆಯದು, ಭಾಷೆಯ ಪ್ರಶ್ನೆ. ಪ್ರೌಢಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಸಲ್ಲಬೇಕೆಂಬ ವಿ.ಕೃ. ಗೋಕಾಕ್ ಸಮಿತಿಯ ಶಿಫಾರಸು ೧೯೮೧ರಲ್ಲಿ ಬಂದಿತು. ಸರ್ಕಾರ ಅದನ್ನು ಅಂಗೀಕರಿಸಲು ಹಿಂದೆಮುಂದೆ ನೋಡಿತು. ಸಾಹಿತಿಗಳು, ವಿದ್ಯಾರ್ಥಿಗಳು, ಕನ್ನಡ ಸಂಘಟನೆಗಳು ಬೀದಿಗಿಳಿದರು. ೧೯೮೨ರಲ್ಲಿ ನಟ ರಾಜಕುಮಾರ್ ಅವರು ಚಳವಳಿಯ ಮುಂಚೂಣಿಗೆ ಬಂದ ಮೇಲೆ ಅದು ವಿದ್ವಾಂಸರ ವಾದವಾಗಿ ಉಳಿಯದೆ ಜನಸಾಮಾನ್ಯರ ಮಾತಾಯಿತು. ಸಾಹಿತ್ಯದ ವಿದ್ಯಾರ್ಥಿಗಳು ಈ ಸಂಗತಿಯನ್ನು ವಿಶೇಷವಾಗಿ ನೆನೆಯಬೇಕು. ಭಾಷೆಯ ಸ್ಥಾನಮಾನವು ಚುನಾವಣೆಯ ಫಲವನ್ನು ಪ್ರಭಾವಿಸುವಷ್ಟು ಶಕ್ತಿಯುತವಾದದ್ದು ಏಕೀಕರಣದ ನಂತರದ ಕರ್ನಾಟಕದಲ್ಲಿ ಅಪರೂಪ.

ಈ ಮೂರರ ಹಿಂದೆಯೂ ಒಂದೇ ಭಾವನೆ ಇದ್ದುದನ್ನು ಕಾಣಬಹುದು. ಕರ ಹಾಕುವವರಿಗೆ ಹೊಲ ಗೊತ್ತಿಲ್ಲ, ಪಾಠ ನಿಗದಿ ಮಾಡುವವರಿಗೆ ಮಾತು ಗೊತ್ತಿಲ್ಲ, ಮುಖ್ಯಮಂತ್ರಿಯನ್ನು ಆರಿಸುವವರು ಈ ನಾಡಿನವರಲ್ಲ ಎಂಬುದೇ ಆ ಭಾವನೆ. ನೆರೆಯ ಆಂಧ್ರದಲ್ಲಿಯೂ ಅದೇ ಭಾವನೆ ಮತ್ತೊಂದು ರೂಪದಲ್ಲಿ ಪ್ರಕಟವಾಯಿತು. ೧೯೮೨ರ ಮಾರ್ಚ್‌ನಲ್ಲಿ ಎನ್.ಟಿ. ರಾಮರಾವ್ ಅವರು ಸ್ಥಾಪಿಸಿದ ತೆಲುಗು ದೇಶಂ ಪಕ್ಷ ಒಂದು ವರ್ಷ ತುಂಬುವುದರೊಳಗೇ ಅಧಿಕಾರಕ್ಕೆ ಬಂದಿತು.

೪. ಮತದಾನ ಮತ್ತು ಫಲಿತಾಂಶ

೧೯೮೩ರ ಜನವರಿ ೫ರಂದು ಮತದಾನ ನಡೆಯಿತು. ಆಗ ಇಪ್ಪತ್ತೊಂದು ವರ್ಷ ತುಂಬಿದವರಿಗೆ ಮಾತ್ರ ಮತದ ಹಕ್ಕು. ಹದಿನೆಂಟಕ್ಕೆ ಇಳಿದದ್ದು ೧೯೮೯ರಲ್ಲಿ. ಮೊದಲ ಎರಡು ಸಾರ್ವತ್ರಿಕ ಚುನಾವಣೆಗಳಲ್ಲಿ ಅಭ್ಯರ್ಥಿಗೊಂದರಂತೆ ಪೆಟ್ಟಿಗೆಗಳನ್ನಿಟ್ಟು, ಮತದಾರನು ತನಗೆ ಬೇಕಾದವರ ಪೆಟ್ಟಿಗೆಯಲ್ಲಿ ಚೀಟಿ ಹಾಕುವ ಪದ್ಧತಿ ಇತ್ತು. ಅನಂತರ ಎಲ್ಲ ಹೆಸರುಗಳೂ ಚಿಹ್ನೆಗಳೂ ಇರುವ ಒಂದೇ ಮತಪತ್ರದಲ್ಲಿ ರಬ್ಬರ್ ಮುದ್ರೆ ಒತ್ತಿ, ಮಡಿಸಿ, ಒಂದೇ ಪೆಟ್ಟಿಗೆಗೆ ಹಾಕುವ ಕ್ರಮ ಬಂದಿತು. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ೧೯೬೨ರಿಂದ ಬಳಕೆಗೆ ಬಂದದ್ದು. ಅದು ತಯಾರಾಗುವುದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯಲ್ಲಿ. ದೇಶದ ಮತದಾರರೆಲ್ಲರ ಬೆರಳಿಗೆ ಮೈಸೂರು ಸೀಮೆಯ ಗುರುತು ಬೀಳುತ್ತಿದೆ ಎಂಬುದು ಹೆಮ್ಮೆಯ ಮಾತೇ ಸರಿ. ಅಂದಿನ ಮತಪತ್ರದಲ್ಲಿ ಎದುರು ಬದುರಾಗಿ ನಿಂತಿದ್ದುವು ಇಂದಿರಾ ಕಾಂಗ್ರೆಸ್ಸಿನ ಹಸ್ತ ಮತ್ತು ಜನತಾ ಪಕ್ಷದ ನೇಗಿಲು ಹೊತ್ತ ರೈತ. ಮಂಡ್ಯದಂಥ ಜಿಲ್ಲೆಯಲ್ಲಿ ಎರಡನೆಯ ಚಿಹ್ನೆಗೆ ವ್ಯಾಖ್ಯಾನ ಬೇಕಿರಲಿಲ್ಲ.

ಫಲಿತಾಂಶ ಹೀಗಿತ್ತು. ಒಟ್ಟು ೨೨೪ ಸ್ಥಾನಗಳಲ್ಲಿ ಕ್ರಾಂತಿ ರಂಗದೊಡನೆ ಕೂಡಿದ ಜನತಾ ಪಕ್ಷಕ್ಕೆ ೯೫, ಇಂದಿರಾ ಕಾಂಗ್ರೆಸ್ಸಿಗೆ ೮೨, ಭಾರತೀಯ ಜನತಾ ಪಕ್ಷಕ್ಕೆ ೧೮, ಎರಡು ಕಮ್ಯುನಿಸ್ಟ್ ಪಕ್ಷಗಳಿಗೆ ತಲಾ ೩, ಅಣ್ಣಾ ದ್ರಾವಿಡ ಮುನ್ನೇತ್ರ ಕಳಗಕ್ಕೆ ೧, ಪಕ್ಷೇತರರಿಗೆ ೨೨. ಮುಖ್ಯಮಂತ್ರಿ ಗುಂಡೂರಾವ್ ಅವರು ತಮ್ಮ ಸೋಮವಾರಪೇಟೆ ಕ್ಷೇತ್ರದಲ್ಲಿಯೇ ಜನತಾ ಪಕ್ಷದ ಬಿ.ಎ. ಜೀವಿಜಯ ಅವರಿಗೆ ಸೋತರು. ಬಹುಮತಕ್ಕೆ ಬೇಕಾದದ್ದು ೧೧೩. ಯಾವ ಪಕ್ಷಕ್ಕೂ ಅದು ಬರಲಿಲ್ಲ. ಇನ್ನೊಂದು ಅಂಶ ಚಿಂತನೀಯವಾದದ್ದು: ಬಿದ್ದ ಮತಗಳ ಲೆಕ್ಕದಲ್ಲಿ ಕಾಂಗ್ರೆಸ್ಸಿಗೆ ಶೇಕಡಾ ಸುಮಾರು ೪೦, ಜನತಾ ಪಕ್ಷಕ್ಕೆ ಸುಮಾರು ೩೩. ಹೆಚ್ಚು ಮತ ಪಡೆದವರು ಕೆಳಗಿಳಿದರು, ಕಡಿಮೆ ಪಡೆದವರು ಮೇಲೇರಿದರು. ಕ್ಷೇತ್ರಕ್ಕೊಬ್ಬರಂತೆ ಆರಿಸುವ ನಮ್ಮ ಪದ್ಧತಿಯಲ್ಲಿ ಮತಗಳು ಎಷ್ಟು ಎಂಬುದರಷ್ಟೇ ಎಲ್ಲಿ ಬಿದ್ದುವು ಎಂಬುದೂ ಮುಖ್ಯ. ಆದ್ದರಿಂದ ೧೯೮೩ನ್ನು ಇಡೀ ನಾಡು ಒಂದೇ ಧ್ವನಿಯಲ್ಲಿ ಎದ್ದ ಕ್ರಾಂತಿಯೆಂದು ಬಣ್ಣಿಸುವುದು ಅಂಕಿಗಳಿಗೆ ವಿರುದ್ಧ. ಹಿಂದಿನ ಚುನಾವಣೆಗಳಲ್ಲಿ ಹಂಚಿಹೋಗುತ್ತಿದ್ದ ವಿರೋಧದ ಮತಗಳು ಅಂದು ಒಗ್ಗೂಡಿದುದೇ ನಿರ್ಣಾಯಕವಾಯಿತು.

ನಾಯಕತ್ವಕ್ಕೆ ಬಂಗಾರಪ್ಪ, ಎಚ್.ಡಿ. ದೇವೇಗೌಡ, ಎಸ್.ಆರ್. ಬೊಮ್ಮಾಯಿ ಇವರ ಹೆಸರುಗಳು ಕೇಳಿಬಂದುವಾದರೂ ಕೊನೆಗೆ ವಿಧಾನಸಭೆಯ ಸದಸ್ಯರೇ ಅಲ್ಲದಿದ್ದ ರಾಮಕೃಷ್ಣ ಹೆಗಡೆಯವರು ಸರ್ವಸಮ್ಮತರಾದರು. ಜನವರಿ ೧೦ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. ಭಾರತೀಯ ಜನತಾ ಪಕ್ಷವೂ ಎಡಪಕ್ಷಗಳೂ ಹೊರಗಿನಿಂದ ಬೆಂಬಲವಿತ್ತುವು. ತತ್ತ್ವದಲ್ಲಿ ಉತ್ತರ ದಕ್ಷಿಣವಾದವರು ಒಂದೇ ಸರ್ಕಾರವನ್ನು ಎತ್ತಿಹಿಡಿದದ್ದು ಆ ಕಾಲಕ್ಕೆ ಹೊಸದು. ಕನಕಪುರದ ಶಾಸಕರಾಗಿದ್ದ ಪಿ.ಜಿ.ಆರ್. ಸಿಂಧ್ಯ ಅವರು ತೆರವು ಮಾಡಿದ ಸ್ಥಾನದಿಂದ ಹೆಗಡೆಯವರು ಅದೇ ವರ್ಷ ವಿಧಾನಸಭೆಗೆ ಆಯ್ಕೆಯಾದರು.

೫. ಪರೀಕ್ಷೆಯ ವರ್ಷಗಳು

ಮತದಾನದ ದಿನಕ್ಕಿಂತ ಮತದಾನದ ನಂತರದ ದಿನಗಳೇ ಪ್ರಜಾಪ್ರಭುತ್ವಕ್ಕೆ ನಿಜವಾದ ಒರೆಗಲ್ಲು. ಮೊದಲ ಒರೆ ೧೯೮೪ರ ಡಿಸೆಂಬರಿನಲ್ಲಿ ಬಂದಿತು. ಇಂದಿರಾ ಗಾಂಧಿಯವರ ಹತ್ಯೆಯ ನಂತರ ನಡೆದ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ೨೮ ಸ್ಥಾನಗಳಲ್ಲಿ ೨೪ನ್ನು ಕಾಂಗ್ರೆಸ್ಸು ಗೆದ್ದಿತು. ಜನತಾ ಪಕ್ಷಕ್ಕೆ ೪ ಉಳಿದುವು. ೧೯೭೧ರ ಮತ್ತು ೧೯೮೦ರ ಕಥೆ ಮೂರನೆಯ ಸಲ ಮರುಕಳಿಸುವಂತೆ ತೋರಿತು. ಆದರೆ ಹೆಗಡೆಯವರು ಶಾಸಕರು ಜಾರುವವರೆಗೆ ಕಾಯಲಿಲ್ಲ. ಜನರ ನಂಬಿಕೆ ತಪ್ಪಿದೆಯೇ ಎಂದು ಜನರನ್ನೇ ಕೇಳುವೆನೆಂದು ರಾಜೀನಾಮೆಯಿತ್ತು ವಿಧಾನಸಭೆಯನ್ನು ವಿಸರ್ಜಿಸಲು ಸಲಹೆ ಮಾಡಿದರು. ೧೯೮೫ರ ಮಾರ್ಚ್ ತಿಂಗಳಲ್ಲಿ ಚುನಾವಣೆ ನಡೆದು ಜನತಾ ಪಕ್ಷಕ್ಕೆ ೧೩೯, ಕಾಂಗ್ರೆಸ್ಸಿಗೆ ೬೫ ಸ್ಥಾನಗಳು ಬಂದುವು.

ಮೂರು ತಿಂಗಳೂ ತುಂಬದ ಅಂತರದಲ್ಲಿ ಅದೇ ಮತದಾರರು ದೆಹಲಿಗೆ ಒಬ್ಬರನ್ನೂ ಬೆಂಗಳೂರಿಗೆ ಮತ್ತೊಬ್ಬರನ್ನೂ ಆರಿಸಿದರು. ಹಳ್ಳಿಯ ಜನ ಚಿಹ್ನೆ ನೋಡಿ ಮತ ಹಾಕುವವರು, ವಿವೇಚನೆಯಿಲ್ಲದವರು ಎಂದು ಹೇಳುತ್ತಿದ್ದ ಪಟ್ಟಣದ ಪಂಡಿತರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಈ ಲೇಖಕನ ಮತದಲ್ಲಿ ೧೯೮೩ರ ಪೂರ್ಣ ಅರ್ಥ ಹೊರಬಿದ್ದದ್ದು ೧೯೮೫ರಲ್ಲಿ. ಮೊದಲನೆಯದರಲ್ಲಿ ಜನರು ಒಂದು ಸರ್ಕಾರವನ್ನು ತೆಗೆದರು. ಎರಡನೆಯದರಲ್ಲಿ, ತಮ್ಮ ರಾಜ್ಯದ ಸರ್ಕಾರವನ್ನು ಇಡುವುದೂ ತೆಗೆಯುವುದೂ ತಮ್ಮ ಪ್ರತ್ಯೇಕ ಹಕ್ಕೆಂದು ಸ್ಥಾಪಿಸಿದರು. ಇಷ್ಟರಿಂದಲೇ ‘ಒಂದು ದಿನದ ಕೋಪ’ ಎಂಬ ಎರಡನೆಯ ಅಭಿಪ್ರಾಯವೂ ನಿಲ್ಲುವುದಿಲ್ಲ.

ಎರಡನೆಯ ಒರೆ ಅಧಿಕಾರ ವಿಕೇಂದ್ರೀಕರಣದ್ದು. ವಿಧಾನಸೌಧದಲ್ಲಿ ಕುಳಿತವರು ಬದಲಾದ ಮಾತ್ರಕ್ಕೆ ಹೊಳಲಿನಂಥ ಊರಿಗೆ ಏನು ದೊರೆಯಿತು ಎಂಬ ಪ್ರಶ್ನೆಗೆ ಇದೇ ಉತ್ತರ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಶಾಸನವನ್ನು ೧೯೮೩ರಲ್ಲಿಯೇ ರೂಪಿಸಲಾಯಿತು. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ೧೯೮೫ರಲ್ಲಿ ಜಾರಿಗೆ ಬಂದಿತು. ೧೯೮೭ರ ಜನವರಿಯಲ್ಲಿ ಚುನಾವಣೆಗಳು ನಡೆದುವು. ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ಇದರ ಶಿಲ್ಪಿ. ಬರಗಾಲದಲ್ಲಿ ಹಳ್ಳಿ ಹಳ್ಳಿಗೂ ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎಂದು ಜನರಿಂದ ಕರೆಸಿಕೊಂಡವರು ಅವರು. ಕೆಲವು ಹಳ್ಳಿಗಳ ಸಮೂಹಕ್ಕೆ ಒಂದು ಮಂಡಲ, ಜಿಲ್ಲೆಗೊಂದು ಪರಿಷತ್ತು, ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಮಹಿಳೆಯರಿಗೆ ಶೇಕಡಾ ೨೫ ಸ್ಥಾನಗಳ ಮೀಸಲಾತಿ, ಜಿಲ್ಲೆಯ ಇಲಾಖೆಗಳ ಹಣವೂ ನೌಕರವರ್ಗವೂ ಪರಿಷತ್ತಿನ ಅಧೀನ, ಇವು ಅದರ ಮುಖ್ಯ ಲಕ್ಷಣಗಳು. ಶಾಲೆಗೆ ಮಾಸ್ತರರು ಬಾರದಿದ್ದರೆ, ಆಸ್ಪತ್ರೆಯಲ್ಲಿ ಔಷಧವಿಲ್ಲದಿದ್ದರೆ ಬೆಂಗಳೂರಿನವರೆಗೆ ಅರ್ಜಿ ಹಿಡಿದು ಅಲೆಯಬೇಕಾಗಿಲ್ಲವೆಂಬ ಅನುಭವ ಹಳ್ಳಿಯವರಿಗೆ ಮೊದಲ ಸಲ ಆಯಿತು. ಮುಂದೆ ೧೯೯೨ರಲ್ಲಿ ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿ ಬಂದಾಗ ಕರ್ನಾಟಕದ ಈ ಪ್ರಯೋಗವೂ ಅದಕ್ಕೊಂದು ಮಾದರಿಯಾಗಿತ್ತು. ಲೋಕಾಯುಕ್ತ ಶಾಸನ, ಪಾಟೀಲ ಪುಟ್ಟಪ್ಪನವರು ಅಧ್ಯಕ್ಷರಾಗಿದ್ದ ಕನ್ನಡ ಕಾವಲು ಸಮಿತಿ ಇವೂ ಆ ಕಾಲದ ಕೊಡುಗೆಗಳೇ.

ನಾಣ್ಯದ ಮತ್ತೊಂದು ಮುಖವನ್ನೂ ನೋಡಬೇಕು. ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ ೧೯೮೮ರಲ್ಲಿ ಹೆಗಡೆಯವರು ರಾಜೀನಾಮೆಯಿತ್ತರು. ಅವರ ನಂತರದ ಬೊಮ್ಮಾಯಿಯವರ ಸರ್ಕಾರವನ್ನು, ಸದನದಲ್ಲಿ ಬಹುಮತ ತೋರಿಸುವ ಅವಕಾಶ ಕೊಡದೆ, ೧೯೮೯ರ ಏಪ್ರಿಲ್‌ನಲ್ಲಿ ವಜಾ ಮಾಡಲಾಯಿತು. ಅವರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೪ರಲ್ಲಿ ಇತ್ತ ತೀರ್ಪು, ಬಹುಮತದ ನಿರ್ಣಯವಾಗಬೇಕಾದದ್ದು ಸದನದಲ್ಲಿಯೇ ಎಂದು ಸಾರಿ ದೇಶಕ್ಕೆಲ್ಲ ಪ್ರಮಾಣವಾಯಿತು. ಆದರೆ ಒಳಜಗಳದಿಂದ ಒಡೆದುಹೋಗಿದ್ದ ಆಡಳಿತ ಪಕ್ಷದ ವಿಷಯದಲ್ಲಿ ಜನರು ಕಾಯಲಿಲ್ಲ. ೧೯೮೯ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ೧೭೮ ಸ್ಥಾನಗಳನ್ನು ಕೊಟ್ಟರು. ೧೯೯೨ರಲ್ಲಿ ಅವಧಿ ಮುಗಿದ ಮಂಡಲಗಳು ಆಡಳಿತಾಧಿಕಾರಿಗಳ ಕೈಗೆ ಹೋದುವು. ೧೯೯೩ರ ಹೊಸ ಶಾಸನದೊಡನೆ ಮಂಡಲವೆಂಬ ಹೆಸರೇ ಮರೆಯಾಯಿತು.

೬. ಸೀಮೆಯ ಸಾಕ್ಷ್ಯ

ಹೊಳಲು ಗ್ರಾಮದವರಾದ ಎಚ್.ಡಿ. ಚೌಡಯ್ಯನವರು ಕೆರಗೋಡು ಕ್ಷೇತ್ರದಿಂದ ವಿಧಾನಸಭೆಯಲ್ಲಿ ಕುಳಿತವರು. ಮಂಡ್ಯದ ಜನತಾ ಶಿಕ್ಷಣ ಟ್ರಸ್ಟಿನ ಅಧ್ಯಕ್ಷರಾಗಿ ವಿದ್ಯಾಕ್ಷೇತ್ರದಲ್ಲಿ ದುಡಿದವರು. ಅಂದು ಜಿಲ್ಲೆಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಜೊತೆಗೆ ಕೆರಗೋಡು, ಕಿರುಗಾವಲು ಎಂಬ ಗ್ರಾಮಗಳ ಹೆಸರಿನಲ್ಲಿಯೂ ಕ್ಷೇತ್ರಗಳಿದ್ದುವು. ೨೦೦೮ರ ಪುನರ್ವಿಂಗಡಣೆಯಲ್ಲಿ ಆ ಎರಡೂ ಅಳಿಸಿಹೋಗಿ ಜಿಲ್ಲೆಗೆ ಏಳು ಕ್ಷೇತ್ರಗಳು ಉಳಿದುವು. ಜನಸಂಖ್ಯೆಯ ಗಣಿತ ಅದಕ್ಕೆ ಕಾರಣವಾದರೂ, ಹಳ್ಳಿಯ ಹೆಸರು ವಿಧಾನಸಭೆಯ ಪಟ್ಟಿಯಿಂದ ಕಣ್ಮರೆಯಾಗುವುದು ಒಂದು ನಷ್ಟವೇ.

ಮತದಾರರ ಸ್ವಭಾವ ಮಾತ್ರ ಬದಲಾಗಿಲ್ಲ. ೨೦೧೮ರಲ್ಲಿ ಜಿಲ್ಲೆಯ ಏಳೂ ಸ್ಥಾನಗಳನ್ನು ಜಾತ್ಯತೀತ ಜನತಾ ದಳಕ್ಕೆ ಕೊಟ್ಟ ಜನ, ೨೦೧೯ರ ಲೋಕಸಭಾ ಚುನಾವಣೆಯಲ್ಲಿ ಪಕ್ಷೇತರ ಅಭ್ಯರ್ಥಿ ಸುಮಲತಾ ಅವರನ್ನು ಗೆಲ್ಲಿಸಿದರು. ೨೦೨೩ರಲ್ಲಿ ಕಾಂಗ್ರೆಸ್ಸಿಗೆ ಐದು ಸ್ಥಾನಗಳನ್ನಿತ್ತು ದಳಕ್ಕೆ ಒಂದನ್ನೇ ಉಳಿಸಿದರು. ಮೇಲುಕೋಟೆಯಲ್ಲಿ ರೈತ ಚಳವಳಿಯ ಅಭ್ಯರ್ಥಿಯನ್ನು ಆರಿಸಿದರು. ರಾಜ್ಯದ ಮಟ್ಟದಲ್ಲಿಯೂ ಹಾಗೆಯೇ. ೧೯೮೫ರ ನಂತರ ೨೦೨೩ರವರೆಗೆ ಯಾವ ಆಡಳಿತ ಪಕ್ಷವೂ ಬಹುಮತದೊಡನೆ ಮರಳಿ ಬಂದಿಲ್ಲ. ೧೯೮೩ಕ್ಕೆ ಮೊದಲು ಮೂವತ್ತೈದು ವರ್ಷ ಬದಲಾವಣೆಯೇ ಇಲ್ಲದ ನಾಡಿನಲ್ಲಿ ಈಗ ಬದಲಾವಣೆಯೇ ನಿಯಮ.

ಇದು ಪ್ರಬುದ್ಧತೆಯ ಲಕ್ಷಣವೋ ನಿರ್ವಿಣ್ಣತೆಯ ಲಕ್ಷಣವೋ ಎಂಬುದು ವಿಚಾರಾರ್ಹ. ಆಳುವವರನ್ನು ತೆಗೆಯಬಲ್ಲೆವೆಂಬ ವಿಶ್ವಾಸ ದೊಡ್ಡದು. ರಂಗಾಚಾರ್ಲು ಅವರ ಕಾಲದ ಪ್ರತಿನಿಧಿಗಳಿಗೆ ಅದು ಕನಸಾಗಿತ್ತು, ಶಿವಪುರದಲ್ಲಿ ಧ್ವಜ ಹಿಡಿದವರಿಗೆ ಅದು ಗುರಿಯಾಗಿತ್ತು. ಆದರೆ ತೆಗೆದು ಹಾಕುವುದಷ್ಟೇ ಜನರ ಕೈಯಲ್ಲಿ ಉಳಿದು, ನಡೆಸುವುದರಲ್ಲಿ ಅವರಿಗೆ ಪಾಲಿಲ್ಲದಿದ್ದರೆ, ಬದಲಾವಣೆ ಕೇವಲ ಸರದಿಯಾಗುತ್ತದೆ. ೨೦೨೧ರಲ್ಲಿ ಅವಧಿ ಮುಗಿದ ಜಿಲ್ಲಾ ಹಾಗೂ ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆ ಅವಧಿಯಲ್ಲಿ ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಇದ್ದುವು. ಈ ಒಂದು ವಿಷಯದಲ್ಲಿ ಅವುಗಳ ನಡುವೆ ಭೇದ ಕಾಣಲಿಲ್ಲ. ವಿಧಾನಸೌಧದ ಅಧಿಕಾರಕ್ಕೆ ಹೋರಾಡುವ ಪಕ್ಷಗಳು ಹಳ್ಳಿಯ ಅಧಿಕಾರದ ವಿಷಯದಲ್ಲಿ ಮೌನವಾಗಿರುವುದನ್ನು ೧೯೮೩ರ ಚರಿತ್ರೆಯನ್ನು ಓದಿದವರು ಗಮನಿಸದೆ ಇರಲಾರರು.

ಹೀಗಾಗಿ ೧೯೮೩ರ ಜನವರಿಯಲ್ಲಿ ಆದದ್ದು ಕ್ರಾಂತಿಯಲ್ಲ, ಕ್ಷಣಿಕ ಕೋಪವೂ ಅಲ್ಲ. ಅದು ಒಂದು ಹಕ್ಕಿನ ಪ್ರಥಮ ಚಲಾವಣೆ. ರಕ್ತವಿಲ್ಲದೆ, ಪಿತೂರಿಯಿಲ್ಲದೆ, ಶಾಸಕರ ಖರೀದಿಯಿಲ್ಲದೆ ಒಂದು ಸರ್ಕಾರ ಹೋಗಿ ಮತ್ತೊಂದು ಬರಬಹುದೆಂದು ಕನ್ನಡ ನಾಡಿನ ಸಾಮಾನ್ಯ ಜನ ತೋರಿಸಿಕೊಟ್ಟರು. ಅವರು ಕೊಟ್ಟ ಅಧಿಕಾರದಲ್ಲಿ ಒಂದಂಶವಾದರೂ ೧೯೮೭ರಲ್ಲಿ ಅವರ ಊರಿಗೆ ಹಿಂದಿರುಗಿತು, ಐದು ವರ್ಷ ನಿಂತಿತು, ಮತ್ತೆ ಹೋಯಿತು. ಹೋದದ್ದನ್ನು ಪುನಃ ಕೇಳುವ ಹೊಣೆ ಇಂದಿನ ಮತದಾರರದು. ಪಟ್ಟಣವೆಂಬ ಅರ್ಥವನ್ನು ಹೆಸರಿನಲ್ಲಿ ಹೊತ್ತ ಹೊಳಲಿಗೂ, ಅದರಂಥ ಸಾವಿರಾರು ಊರುಗಳಿಗೂ ತಮ್ಮ ಕೆರೆ, ಶಾಲೆ, ದಾರಿಗಳ ಮೇಲಿನ ಯಜಮಾನಿಕೆ ದೊರೆತಂದು ಆ ಚುನಾವಣೆಯ ಕೆಲಸ ಪೂರ್ಣವಾದೀತು.